ಎಚ್ಚರಿಕೆಯನ್ನು ಬರೆದವನು

ಹಾಲ್ವರ್ ಬ್ರೈವೊಲ್ ನವೆಂಬರ್ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ತನ್ನ ಮನೆಯಲ್ಲೇ ತೀರಿಕೊಂಡ. ಐವತ್ತೊಂಬತ್ತು ವರ್ಷ. ಮೇದೋಜೀರಕದ ಕ್ಯಾನ್ಸರ್, ಆಗಸ್ಟಿನಲ್ಲಿ ಗೊತ್ತಾದಾಗಲೇ ತಡವಾಗಿತ್ತು. ಮದುವೆಯಾಗಿರಲಿಲ್ಲ. ಪುರಸಭೆಯ ದಾದಿ ನನಗೆ ಫೋನ್ ಮಾಡಿ ಹೇಳಿದಳು, ನಾನು ಅವನ ಜೊತೆ ಕೆಲಸ ಮಾಡಿದ್ದ ದಾಗ್ನಿಗೆ ಹೇಳಿದೆ. ಕೂಡಲೇ ತಿಳಿಸಬೇಕಾದವರು ಬೇರೆ ಯಾರೂ ಇರಲಿಲ್ಲ.

ಊರಿನ ಪತ್ರಿಕೆಯವರು ನಾಲ್ಕು ಸಾಲು ಕೇಳಿದರು. ಪುರಸಭೆಯ ತಾಂತ್ರಿಕ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ಕೆಲಸ, ಚರ್ಚಿನ ಹಾಡುಗಾರರ ಗುಂಪಿನಲ್ಲಿ ಮಂದ್ರ ದನಿ, ಎಂದು ಬರೆದುಕೊಟ್ಟೆ. ಅದರಲ್ಲಿ ಸುಳ್ಳಿಲ್ಲ. ಅವನನ್ನು ಕಳೆದ ಒಂಬತ್ತು ತಿಂಗಳು ತಿಂದುಹಾಕಿದ ವಿಷಯ ಮಾತ್ರ ಅದರಲ್ಲಿಲ್ಲ. ಅದನ್ನು ಇಲ್ಲಿ ಬರೆಯುತ್ತೇನೆ.

ಅವನು ಮೊದಲು ನಮ್ಮ ಆಸ್ಕೆಲ್‌ವಿಕದಲ್ಲಿ ಕೊಳಾಯಿ ಕೆಲಸದವನಾಗಿದ್ದ. ಮೂವತ್ತಾರನೆಯ ವಯಸ್ಸಿಗೆ ಬೆನ್ನು ಕೈಕೊಟ್ಟಿತು. ಆ ಚಳಿಗಾಲ ದಿನವೂ ನಾನು ನೋಡಿಕೊಳ್ಳುತ್ತಿದ್ದ ಗ್ರಂಥಾಲಯಕ್ಕೆ ಬಂದು ಹೀಟರಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ.

"ಇಲ್ಲಿ ಕೂತ್ಕೊಂಡ್ರೆ ಏನಾದ್ರೂ ಓದ್ಲೇಬೇಕಾ?" ಎಂದು ಮೊದಲ ದಿನ ಕೇಳಿದ.

"ಬೇಡ. ಗೊರಕೆ ಹೊಡೀಬಾರ್ದು, ಅಷ್ಟೇ."

ಎರಡನೆಯ ವಾರ ಶಾಲೆಯವರು ಬೇಡವೆಂದು ಕೊಟ್ಟುಹೋಗಿದ್ದ ಪೈತಾನ್ ಎಂಬ ಕಂಪ್ಯೂಟರ್ ಭಾಷೆಯ ಪುಸ್ತಕವೊಂದನ್ನು ಅವನ ಮಡಿಲಿಗೆ ಹಾಕಿದೆ. ಗೊರಕೆ ಹೊಡೆಯಲಿ ಎಂದೇ ಹಾಕಿದ್ದು. ಅವನು ಅದನ್ನು ಮೂರು ಸಲ ಓದಿದ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಇಪ್ಪತ್ತು ವರ್ಷ ಯೋಚಿಸಿದವನಿಗೆ ಅದು ಕಷ್ಟವಾಗಲಿಲ್ಲವಂತೆ. ಮರುವರ್ಷ ಪುರಸಭೆಗೆ ಸೇರಿ ಪಂಪುಗಳ ಲೆಕ್ಕ, ನೀರಿನ ಮಟ್ಟ, ರಸ್ತೆಯ ಹಿಮ, ಹೀಗೆ ಒಂದೊಂದಕ್ಕೂ ಚಿಕ್ಕ ಚಿಕ್ಕ ಪ್ರೋಗ್ರಾಮು ಬರೆದ. ಅವು ಚಂದದ ಪರದೆ, ಬಟನ್ನು ಇರುವಂಥವಲ್ಲ. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಬೇಕು.

ಅದು ಹೇಗೆ ಎಂದು ಒಮ್ಮೆ ನನ್ನ ಮೇಜಿನ ಮೇಲೇ ತೋರಿಸಿದ್ದ.

"ನೋಡು ಎಂಬ್ರಿಕ್, ಮೊದಲು ಪ್ರೋಗ್ರಾಮಿನ ಹೆಸರು ಬರೀತೀಯ. ಅದರ ಮುಂದೆ ಅದಕ್ಕೆ ಹೇಳ್ಬೇಕಾದ್ದನ್ನ ಬರೀತೀಯ. ಕೆಲವು ಕಡ್ಡಾಯ. ಕೊಡ್ಲಿಲ್ಲ ಅಂದ್ರೆ 'ಇದನ್ನ ಕೊಟ್ಟಿಲ್ಲ ನೀನು' ಅಂತ ಬೈದು ಅಲ್ಲೇ ನಿಂತುಬಿಡುತ್ತೆ. ಇನ್ನು ಕೆಲವು ಐಚ್ಛಿಕ. ಕೊಟ್ರೆ ತಗೊಳ್ಳುತ್ತೆ. ಕೊಡ್ದಿದ್ರೂ ನಡೆಯುತ್ತೆ."

"ಕೊಡ್ದಿದ್ರೆ ಏನು ಮಾಡುತ್ತೆ?"

"ಬರೆದೋನು ಮೊದಲೇ ಏನು ಅಂದ್ಕೊಂಡು ಇಟ್ಟಿದ್ನೋ ಅದು."

"ಅಂದ್ರೆ ನೀನು."

"ಅಂದ್ರೆ ನಾನು," ಎಂದು ನಕ್ಕ. ಹಲ್ಲಿನ ನಡುವೆ ಕಂದು ಚೀಸು ಸಿಕ್ಕಿಕೊಂಡಿತ್ತು. ಮನೆಯಿಂದ ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡು ಮತ್ತು ಕಂದು ಚೀಸಿನ ಹೊರತು ಮಧ್ಯಾಹ್ನ ಅವನು ಬೇರೇನನ್ನೂ ತಿಂದದ್ದನ್ನು ನಾನು ನೋಡಿಲ್ಲ.

ಊರಿನ ಪೂರ್ವಕ್ಕೆ ಗ್ರೋಹೊರ್ನ್ ಬೆಟ್ಟ. ಅದರ ಬುಡದಲ್ಲಿ ಇನ್ರೆಗ್ರೆಂಡ ಎಂಬ ಕೇರಿ, ಇಪ್ಪತ್ತಾರು ಮನೆ. ಗಾಳಿ ವಾಯವ್ಯದಿಂದ ಎರಡು ದಿನ ಬೀಸಿದರೆ ಬೆಟ್ಟದ ನೆತ್ತಿಯಲ್ಲಿ ಹಿಮ ಕಟ್ಟುತ್ತದೆ. ಕಟ್ಟಿದ್ದು ಯಾವಾಗಲೋ ಜಾರುತ್ತದೆ. ಆ ಕೇರಿಯ ಅರವತ್ತೆರಡು ಫೋನುಗಳಿಗೆ ಒಂದೇ ಸಲಕ್ಕೆ ಎಚ್ಚರಿಕೆ ಕಳಿಸುವ ಪ್ರೋಗ್ರಾಮನ್ನು ಹಾಲ್ವರ್ ಬರೆದ. ಕೇರಿಯ ಹೆಸರು ಕಡ್ಡಾಯ. ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಅಭ್ಯಾಸ ಮಾಡುವಾಗ ಮಾತ್ರ ಎರಡು ಅಡ್ಡಗೆರೆ ಹಾಕಿ 'ಅಭ್ಯಾಸ' ಎಂದು ಸೇರಿಸಬೇಕು. ಸೇರಿಸದಿದ್ದರೆ ಸಂದೇಶ ನಿಜವಾಗಿಯೇ ಹೋಗುತ್ತದೆ.

ಒಂಬತ್ತು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಅದನ್ನು ಸೇರಿಸಲು ಮರೆತವನು ಅವನೇ.

"ಕೂಡಲೇ ಮನೆ ಬಿಡಿ, ಶಾಲೆಗೆ ಬನ್ನಿ" ಎಂದು ಅರವತ್ತೆರಡು ಫೋನುಗಳಿಗೆ ಸಂದೇಶ ಹೋಯಿತು. ಎಪ್ಪತ್ತೊಂಬತ್ತು ವರ್ಷದ ಬೋರ್‌ಗಿಲ್ಡ್ ಕಾಲುಚೀಲದಲ್ಲೇ ಹೊರಗೋಡಿ ಕಲ್ಲಿನ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಮತ್ತೆ ಆ ಮನೆಗೆ ಹಿಂತಿರುಗಲಿಲ್ಲ. ಆರೈಕೆ ಮನೆ ಸೇರಿದಳು. ಮನೆಯಲ್ಲಿ ಮಗ ಟೂರ್ಲೈವ್ ಒಬ್ಬನೇ ಉಳಿದ. ಹಾಲ್ವರ್ ಪ್ರತಿ ಭಾನುವಾರ ಅವಳನ್ನು ನೋಡಲು ಹೋಗತೊಡಗಿದ. ಮೊದಲ ವರ್ಷ ಅವಳು ಅವನಿಗೆ ಬೈಯುತ್ತಿದ್ದಳು, ಆಮೇಲೆ ಅವನ ಕೈಯಲ್ಲಿ ಉಲ್ಲನ್ ಉಂಡೆ ಹಿಡಿಸಿ ಹೆಣೆಯುತ್ತಿದ್ದಳು.

ಆ ವಾರವೇ ಪ್ರೋಗ್ರಾಮನ್ನು ತಿರುಗಿಸಿ ಬರೆದ. ಈಗ ಏನೂ ಸೇರಿಸದಿದ್ದರೆ ಅಭ್ಯಾಸ, ಯಾರಿಗೂ ಸಂದೇಶ ಹೋಗುವುದಿಲ್ಲ. ನಿಜವಾಗಿ ಕಳಿಸಬೇಕೆಂದರೆ 'ನಿಜ' ಎಂದು ಸೇರಿಸಬೇಕು.

"ಮರೆತ್ರೆ ಏನೂ ಆಗ್ಬಾರ್ದು," ಎಂದ ನನ್ನ ಹತ್ತಿರ. "ಯಾರಿಗೂ ನೋವಾಗ್ಬಾರ್ದು."

ಎಲ್ಲರಿಗೂ ಅದು ಸರಿಯೆನಿಸಿತು. ನನಗೂ. ಇನ್ನುಮುಂದೆ ಯಾವ ಬದಲಾವಣೆಯನ್ನೇ ಆಗಲಿ ಇನ್ನೊಬ್ಬರು ಓದಿ ಹೆಸರು ಹಾಕಬೇಕು ಎಂಬ ನಿಯಮವನ್ನೂ ಅವನೇ ಮಾಡಿಸಿದ. ಈ ಬದಲಾವಣೆಗೆ ಹೆಸರು ಹಾಕಿದವನು ತಾಂತ್ರಿಕ ವಿಭಾಗದ ಮುಖ್ಯಸ್ಥ ಯೋಸ್ಟೈನ್. ಒಂದೆರಡು ವರ್ಷದ ಮೇಲೆ ಅವನೇ ಇನ್ನೊಂದು ಮಾತು ಹೇಳಿದ: ಪರದೆಯ ಮೇಲೆ "ಇದು ಅಭ್ಯಾಸ ಮಾತ್ರ" ಎಂದು ಬಂದರೆ ಅಭ್ಯಾಸಕ್ಕೆ ಕೂತವರು ಅಸಡ್ಡೆ ಮಾಡುತ್ತಾರೆ, ನಿಜದ ಹಾಗೇ ಕಾಣುವಂತೆ ಮಾಡು. ಹಾಲ್ವರ್ ಆ ಸಾಲನ್ನು ತೆಗೆದ. ಅಂದಿನಿಂದ ಅಭ್ಯಾಸವಾದರೂ ನಿಜವಾದರೂ ಪರದೆಯ ಮೇಲೆ ಬರುತ್ತಿದ್ದುದು ಒಂದೇ: "ಇನ್ರೆಗ್ರೆಂಡ: ೬೨ ಸಂದೇಶ, ಮುಗಿಯಿತು."

ದಾಗ್ನಿ ಒಳಚರಂಡಿ ವಿಭಾಗದವಳು. ಗಟ್ಟಿ ಹೆಂಗಸು, ಗಟ್ಟಿ ದನಿ. ಚಳಿಗಾಲದಲ್ಲಿ ಸರದಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ವಾರ ಎಚ್ಚರಿಕೆಯ ಪಾಳಿಯಲ್ಲಿರುತ್ತಾರೆ. ಅವಳು ನಾಲ್ಕು ವರ್ಷ ಅಭ್ಯಾಸ ಮಾಡಿದ್ದಳು. ನಾಲ್ಕು ಸಲವೂ ಗೋಡೆಗೆ ಅಂಟಿಸಿದ್ದ ಹಾಳೆಯನ್ನು ನೋಡಿ, ಅದರಲ್ಲಿದ್ದ ಸಾಲನ್ನೇ ಬರೆದು, ಎಂಟರ್ ಒತ್ತಿದ್ದಳು. ಅಭ್ಯಾಸವಾದ್ದರಿಂದ ಆ ಸಾಲಿನಲ್ಲಿ 'ನಿಜ' ಇರಲಿಲ್ಲ. ಅದು ಕೈಪಿಡಿಯ ಆರನೆಯ ಪುಟದಲ್ಲಿತ್ತು.

ಫೆಬ್ರವರಿ ಒಂಬತ್ತು, ಗುರುವಾರ. ಬೆಳಿಗ್ಗೆ ಆರೂವರೆಗೆ ಹಿಮತಜ್ಞರು ಫೋನ್ ಮಾಡಿ ಕೇರಿ ಖಾಲಿ ಮಾಡಿಸಿ ಎಂದರು. ಆರು ನಲವತ್ತಕ್ಕೆ ದಾಗ್ನಿ ಗೋಡೆಯ ಹಾಳೆ ನೋಡಿ ಸಾಲು ಬರೆದಳು. ೬೨ ಸಂದೇಶ, ಮುಗಿಯಿತು. ರಸ್ತೆಯವರಿಗೆ ಹೇಳಿ ಕೇರಿಯ ದಾರಿ ಮುಚ್ಚಿಸಿದಳು. ಆಮೇಲೆ ಶಾಲೆಯ ವ್ಯಾಯಾಮದ ಹಾಲಿಗೆ ಹೋಗಿ ಹಾಸಿಗೆಗಳನ್ನು ಹಾಸಿ, ದೊಡ್ಡ ಪಾತ್ರೆಯಲ್ಲಿ ಕಾಫಿಗೆ ಇಟ್ಟು, ಕಪ್ಪುಗಳನ್ನು ಸಾಲಾಗಿ ಜೋಡಿಸಿದಳು. ಜನ ಬರುತ್ತಾರೆಂದು ಕಾದಳು.

ಏಳೂವರೆಯಾದರೂ ಯಾರೂ ಬರಲಿಲ್ಲ. ಆಗ ಪರಿಚಯದವರಿಗೆ ಫೋನ್ ಮಾಡಿದಳು.

"ಎಲ್ಲಿದೀರಾ ನೀವೆಲ್ಲ? ಕಾಫಿ ಆರ್ತಾ ಇದೆ!"

"ಯಾವ ಕಾಫಿ?" ಎಂದಿತು ಆ ಕಡೆಯ ದನಿ.

ಅವಳು ಅಲ್ಲಿಂದಲೇ ಒಂದೊಂದೇ ಮನೆಗೆ ಫೋನ್ ಮಾಡತೊಡಗಿದಳು. ಕೇಳಿದವರು ಪಕ್ಕದ ಮನೆಯ ಬಾಗಿಲು ಬಡಿದರು. ಇಪ್ಪತ್ತೈದು ಮನೆ ಖಾಲಿಯಾಯಿತು. ಇಪ್ಪತ್ತಾರನೆಯದು ಕೇರಿಯ ತುದಿಯಲ್ಲಿ, ಬೆಟ್ಟದ ಮಗ್ಗುಲಲ್ಲೇ ಒಂಟಿಯಾಗಿ ನಿಂತಿದ್ದ ಟೂರ್ಲೈವನ ಮನೆ. ಏಳು ಐವತ್ತೆಂಟಕ್ಕೆ ಮಾಡಿದ ಫೋನನ್ನು ಅವನು ಎತ್ತಲಿಲ್ಲ. ಫೋನು ಅಡುಗೆಮನೆಯ ಮೇಜಿನ ಮೇಲಿತ್ತು, ಅವನು ಕುರಿಕೊಟ್ಟಿಗೆಯಲ್ಲಿದ್ದ. ಎಂಟು ಗಂಟೆ ಐದು ನಿಮಿಷಕ್ಕೆ ಗ್ರೋಹೊರ್ನಿನ ಹಿಮ ಜಾರಿತು. ಮಾರನೆಯ ದಿನ ಹಿಮದಡಿಯಲ್ಲಿ ಅವನ ಹೆಣ ಸಿಕ್ಕಿತು. ಆರು ನಲವತ್ತಕ್ಕೆ ಅವನು ಅದೇ ಮೇಜಿನ ಮುಂದೆ ಕೂತು ಕಾಫಿ ಕುಡಿಯುತ್ತ ರೇಡಿಯೋ ಕೇಳುತ್ತಿರುತ್ತಿದ್ದ ಎಂದು ಅವನನ್ನು ಬಲ್ಲವರೆಲ್ಲ ಹೇಳಿದರು. ಸಂದೇಶ ಹೋಗಿದ್ದರೆ ಓದುತ್ತಿದ್ದ.

ಆ ಭಾನುವಾರ ಹಾಲ್ವರ್ ಬೋರ್‌ಗಿಲ್ಡಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ. ನಾನು ಜೊತೆಗೆ ಹೋಗಿದ್ದೆ, ಅವನೇ ಕರೆದಿದ್ದ. ಪ್ರೋಗ್ರಾಮನ್ನು ತಿರುಗಿಸಿ ಬರೆದದ್ದು, ಪರದೆಯ ಸಾಲು ತೆಗೆದದ್ದು, ಒಂದನ್ನೂ ಬಿಡದೆ ಹೇಳಿದ. ಎಂಬತ್ತೆಂಟು ವರ್ಷದ ಮುದುಕಿ ಕೊನೆಯವರೆಗೂ ಕೇಳಿದಳು.

"ಬೇಡದಿದ್ದ ದಿನ ನನ್ನ ಓಡಿಸ್ದೆ," ಎಂದಳು. "ಬೇಕಾದ ದಿನ ಅವನನ್ನ ಓಡಿಸ್ಲಿಲ್ಲ."

"ಹೌದು."

"ಹೋಗು ಹಾಲ್ವರ್. ಮುಂದಿನ ವಾರ ಬರ್ಬೇಡ."

ಅವನು ಮುಂದಿನ ವಾರವೂ ಹೋದ, ಅದರ ಮುಂದಿನ ವಾರವೂ. ಒಳಗೆ ಹೋಗದೆ ಪಡಸಾಲೆಯ ಬೆಂಚಿನ ಮೇಲೆ ಒಂದು ಗಂಟೆ ಕೂತು ಬರುತ್ತಿದ್ದ. ಅವಳಿಗೆ ಗೊತ್ತಿತ್ತು ಎಂದು ದಾದಿ ಹೇಳಿದಳು. ಕರೆಯಲಿಲ್ಲ. ಮೇ ತಿಂಗಳಲ್ಲಿ ಅವಳೂ ತೀರಿಹೋದಳು.

ವಿಚಾರಣೆಗೆ ಹೊರಗಿನಿಂದ ಇಬ್ಬರು ಬಂದರು. ನಲವತ್ತೊಂದು ಪುಟದ ವರದಿ. ಹದಿನೇಳನೆಯ ಪುಟದಲ್ಲಿ ಒಂದು ವಾಕ್ಯ: "ಪಾಳಿಯಲ್ಲಿದ್ದ ಸಿಬ್ಬಂದಿ ಐಚ್ಛಿಕ ಆಯ್ಕೆಯನ್ನು ನೀಡಲು ಮರೆತಿದ್ದಾರೆ." ಹೆಸರಿರಲಿಲ್ಲ. ಎರಡು ಸಾವಿರ ಜನರ ಊರಿನಲ್ಲಿ ಹೆಸರು ಬೇಕಾಗಿಯೂ ಇಲ್ಲ. ಅಂಗಡಿಯಲ್ಲಿ ದಾಗ್ನಿ ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಅದೇ ನಮ್ಮೂರಿನ ರೀತಿ. ಅವಳು ಪಾಳಿ ಬಿಟ್ಟು, ಮನೆಮನೆಯ ನೀರಿನ ಮೀಟರ್ ನೋಡುವ ಕೆಲಸ ಕೇಳಿ ಪಡೆದಳು. ಆ ಗಟ್ಟಿ ದನಿ ಮತ್ತೆ ಕೇಳಲಿಲ್ಲ.

ಹಾಲ್ವರ್ ವರದಿಯನ್ನು ನನ್ನ ಮನೆಗೆ ತಂದು ಆ ವಾಕ್ಯದ ಮೇಲೆ ಬೆರಳಿಟ್ಟ.

"ಓದು ಇದನ್ನ. ಐಚ್ಛಿಕವಾದದ್ದನ್ನ ಕೊಡೋಕೆ ಮರೆತಳಂತೆ. ಕೊಡ್ದೇ ಇರ್ಬೋದು ಅಂತ ತಾನೇ ಐಚ್ಛಿಕ ಅನ್ನೋದು? ಕೊಡ್ದಿದ್ರೂ ನಡೆಯುತ್ತೆ ಅಂತ ಹೇಳ್ದೋನು ನಾನು."

"ನೀನು ಒಳ್ಳೇದಕ್ಕೇ ಮಾಡಿದ್ದು."

"ಎಂಬ್ರಿಕ್, ಮರೆಯೋರ ಪರವಾಗಿ ನಾನೇ ತೀರ್ಮಾನ ಮಾಡ್ಬಿಟ್ಟೆ. ಮೊದಲನೇ ಸಲ ಒಂದು ಥರ, ಎರಡನೇ ಸಲ ಇನ್ನೊಂದು ಥರ. ಎರಡೂ ಸಲ ಕೇಳ್ಬೇಕಾಗಿತ್ತು. ಕೇಳೋ ಹಾಗೆ ಬರೀಬೇಕಾಗಿತ್ತು. ನಿಜಾನೋ ಅಭ್ಯಾಸಾನೋ, ಹೇಳೋವರೆಗೂ ಮುಂದೆ ಹೋಗಲ್ಲ ಅಂತ. ಅಷ್ಟೇ."

ಇದನ್ನೇ ಬರೆದು ವಿಚಾರಣೆಯವರಿಗೆ ಕಾಗದ ಹಾಕಿದ. ಕಾಗದ ತಲುಪಿದೆ ಎಂದು ಉತ್ತರ ಬಂತು. ವರದಿ ಬದಲಾಗಲಿಲ್ಲ. ಪ್ರೋಗ್ರಾಮನ್ನಾದರೂ ಬದಲಿಸುತ್ತೇನೆ ಎಂದರೆ ಯೋಸ್ಟೈನ್ ಒಪ್ಪಲಿಲ್ಲ.

"ಮುಂದಿನ ವರ್ಷ ಹೊಸ ವ್ಯವಸ್ಥೆ ಬರುತ್ತೆ. ಅಲ್ಲೀವರೆಗೂ ಅದನ್ನ ಮುಟ್ಟೋದು ಬೇಡ. ಈಗ ಮುಟ್ಟಿದ್ರೆ ಜನ ಏನಂತಾರೆ?"

"ಈ ಚಳಿಗಾಲಕ್ಕೆ?"

"ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆಸಿದೀವಲ್ಲ ಮಾರಾಯ, ಇಷ್ಟು ದಪ್ಪ! 'ನಿಜ' ಸೇರಿಸಿ ಅಂತ. ಇನ್ನೇನು ಬೇಕು ನಿಂಗೆ?"

ಆ ಬೇಸಿಗೆಯಲ್ಲಿ ಅವನಿಗೊಂದು ಹೊಸ ಅಭ್ಯಾಸ ಹತ್ತಿತು. ಬಂದರಿನ ಬೇಕರಿಯ ಹೆಂಗಸು ಹತ್ತು ವರ್ಷದಿಂದ "ಎಂದಿನಂತೆ?" ಎಂದು ಕೇಳುವುದು, ಇವನು ತಲೆಯಾಡಿಸುವುದು. ಈಗ ತಲೆಯಾಡಿಸಲು ಒಪ್ಪುತ್ತಿರಲಿಲ್ಲ.

"ಇಲ್ಲ. ಏನು ಬೇಕು ಅಂತ ಕೇಳು."

"ಗೊತ್ತಲ್ಲ ನಂಗೆ!"

"ಆದ್ರೂ ಕೇಳು."

ಅವಳು ನಗುತ್ತಾ ಕೇಳುವಳು. ಅವನು ನಗದೆ, ಕಪ್ಪು ಕಾಫಿ, ಏಲಕ್ಕಿ ಬನ್ನು ಒಂದು, ಬೆಣ್ಣೆ ಬೇಡ, ಎಂದು ಪೂರ್ತಿ ಹೇಳುವನು. ಜೂನಿನ ಹೊತ್ತಿಗೆ ಬನ್ನನ್ನು ಅರ್ಧ ಬಿಡುತ್ತಿದ್ದ. ದುಃಖಕ್ಕೆ ಸೊರಗುತ್ತಿದ್ದಾನೆ ಎಂದುಕೊಂಡೆ. ಡಾಕ್ಟರ ಹತ್ತಿರ ಹೋಗೆಂದು ಹೇಳಬೇಕಿತ್ತು. ಹೇಳಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಕೋಲೂರಿಕೊಂಡು ಕಚೇರಿಯ ಬೀಗದ ಕೈ ಹಿಂತಿರುಗಿಸಲು ಹೋದ. ನಾನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಪಾಳಿಯ ಕೋಣೆಯ ಗೋಡೆಯನ್ನು ನೋಡುತ್ತಾ ನಿಂತುಬಿಟ್ಟ. ಆ ವರ್ಷದ ಅಭ್ಯಾಸ ಹಿಂದಿನ ವಾರವಷ್ಟೇ ಮುಗಿದಿತ್ತು. ಯಾರೋ ಅಭ್ಯಾಸದ ಹಾಳೆಯನ್ನು ಕೆಂಪಕ್ಷರದ ಹಾಳೆಯ ಮೇಲೆಯೇ ಅಂಟಿಸಿ, ತೆಗೆಯದೆ ಹೋಗಿದ್ದರು. ಕೆಂಪಿನ ಒಂದು ಅಂಚು ಮಾತ್ರ ಕೆಳಗೆ ಕಾಣುತ್ತಿತ್ತು. ಹೊರಗೆ ಗ್ರೋಹೊರ್ನ್ ನೆತ್ತಿಯಲ್ಲಿ ಆಗಲೇ ಬೆಳ್ಳಗಿತ್ತು.

ಎರಡೂ ಹಾಳೆಗಳನ್ನು ಒಟ್ಟಿಗೆ ಕಿತ್ತು ಯೋಸ್ಟೈನನ ಮೇಜಿನ ಮೇಲೆ ಇಟ್ಟ. ಯೋಸ್ಟೈನ್ ಮೇಲಿನ ಹಾಳೆ ಎತ್ತಿದ, ಕೆಳಗಿನದನ್ನು ನೋಡಿದ.

"ಇಬ್ರು ಬೇಕು," ಎಂದ. "ನಿನ್ನದೇ ನಿಯಮ. ಓದಿ ಹೆಸರು ಹಾಕೋರು ಇನ್ನೊಬ್ರು ಬೇಕು. ನಾನು... ನನ್ನ ಕೇಳ್ಬೇಡ. ಹಿಂದಿನ ಸಲ ನಾನು ಓದಿರ್ಲಿಲ್ಲ."

"ಗೊತ್ತು. ದಾಗ್ನಿ ಓದ್ತಾಳೆ."

"ಅವಳು ಬರಲ್ಲ ಹಾಲ್ವರ್."

ಎರಡು ವಾರ ಅವಳು ಬರಲಿಲ್ಲ. ನಾನು ಮೂರು ಸಲ ಹೋಗಿ ಕರೆದೆ. ಮೂರನೆಯ ಸಲ, ಅವನಿಗೆ ಇನ್ನು ಹೆಚ್ಚು ದಿನ ಇಲ್ಲ ಎಂದು ಮಾತ್ರ ಹೇಳಿ ಬಂದೆ.

ನವೆಂಬರ್ ಹದಿಮೂರು, ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬಂದಳು. ಹಾಲ್ವರನ ಹಾಸಿಗೆಯನ್ನು ಅಡುಗೆಮನೆಗೆ ತಂದು ಹಾಕಿದ್ದೆವು, ಅಲ್ಲಿಂದ ಫಿಯೋರ್ಡಿನ ಕಡಲು ಕಾಣುತ್ತದೆಂದು. ನೋವಿನ ಔಷಧಿಯ ಪುಟ್ಟ ಪಂಪು ಅವನ ಪಕ್ಕದಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ದಾಗ್ನಿ ಕೋಟು ಬಿಚ್ಚದೆ ಬಾಗಿಲ ಹತ್ತಿರವೇ ನಿಂತಳು.

"ಸಾಯೋ ಹೊತ್ತಲ್ಲಿ ಕ್ಷಮೆ ಗಿಮೆ ಕೇಳೋಕೆ ಕರೆಸಿದ್ರೆ ಈಗ್ಲೇ ಹೊರಟೆ."

"ಕ್ಷಮೆ ಅಲ್ಲ, ಕೆಲಸ," ಎಂದ ಅವನು. "ಕೂತ್ಕೋ. ಓದು."

ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ಅವಳು ಕೋಟಿನಲ್ಲೇ ಕೂತು ಓದಿದಳು. ನಾನು ಕಾಫಿ ಬಗ್ಗಿಸಿದೆ, ಅವಳು ಮುಟ್ಟಲಿಲ್ಲ. ಒಳಚರಂಡಿಯ ನಕ್ಷೆ ಓದುವಾಗ ಮಾಡುವಂತೆ ಪರದೆಯ ಮೇಲೆ ಬೆರಳು ಜಾರಿಸುತ್ತಾ ಹೋದಳು.

"'ನಿಜ', 'ಅಭ್ಯಾಸ' ಎರಡೂ ಒಟ್ಟಿಗೆ ಕೊಟ್ರೆ?"

"ನಿಲ್ಲುತ್ತೆ."

"ಎರಡೂ ಕೊಡ್ದಿದ್ರೆ?"

"ನಿಲ್ಲುತ್ತೆ."

"ಕೇರಿ ಹೆಸರು ತಪ್ಪು ಹೊಡೆದ್ರೆ?"

"ಕೇರಿಗಳ ಪಟ್ಟಿ ತೋರ್ಸಿ ನಿಲ್ಲುತ್ತೆ. ಅದು ಮೊದಲೂ ಇತ್ತು."

"ಕೊನೇಲಿ ಏನು ಬರುತ್ತೆ ಪರದೆ ಮೇಲೆ?"

"ಅಭ್ಯಾಸ ಆದ್ರೆ, 'ಅಭ್ಯಾಸ: ಯಾರಿಗೂ ಸಂದೇಶ ಹೋಗಿಲ್ಲ' ಅಂತ."

ಅವಳು ಪರದೆಯಿಂದ ಬೆರಳು ತೆಗೆದಳು.

"ಆವತ್ತು ಹೊಡೆದ ಹಾಗೇ ಹೊಡಿ," ಎಂದ ಹಾಲ್ವರ್. "ಅದೇ ಸಾಲು."

"ಬೇಡ."

"ಇದು ನನ್ನ ಲ್ಯಾಪ್‌ಟಾಪು. ಇದ್ರಿಂದ ಯಾರಿಗೂ ಏನೂ ಹೋಗಲ್ಲ. ನೋಡದೆ ಹೆಸರು ಹಾಕ್ಬೇಡ. ಹೊಡಿ ದಾಗ್ನಿ."

ಅವಳು ಕೈಗವಸು ತೆಗೆದಳು. ನೋಡಲು ಹಾಳೆ ಬೇಕಾಗಲಿಲ್ಲ. ಪ್ರೋಗ್ರಾಮಿನ ಹೆಸರು, ಒಂದು ಅಂತರ, ಇನ್ರೆಗ್ರೆಂಡ. ಎಂಟರ್ ಒತ್ತುವ ಮುನ್ನ ಬೆರಳು ನಿಂತಿತು, ಆಮೇಲೆ ಒತ್ತಿತು.

ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬಂತು: "ನಿಜವೋ ಅಭ್ಯಾಸವೋ ಹೇಳಿಲ್ಲ. ಹೇಳದೆ ಏನನ್ನೂ ಮಾಡುವುದಿಲ್ಲ."

ದಾಗ್ನಿ ಅದನ್ನು ಎರಡು ಮೂರು ಸಲ ಓದಿದಳೆಂದು ಕಾಣುತ್ತದೆ. ತುಟಿ ಅಲ್ಲಾಡುತ್ತಿತ್ತು.

"ಎಷ್ಟು ಸಾಲು ಬದಲಾಯ್ಸಿದೆ?" ಎಂದು ಕೇಳಿದಳು.

"ಮೂರು."

"ಮೂರೇ?"

"ಮೂರೇ."

"ಥೂ ನಿನ್ನ," ಎಂದಳು ದಾಗ್ನಿ. ದನಿ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಆಮೇಲೆ ಓದಿದವರು ಎಂಬಲ್ಲಿ ತನ್ನ ಹೆಸರು ಹಾಕಿ, ಲ್ಯಾಪ್‌ಟಾಪನ್ನು ಅವನ ಕಡೆಗೆ ತಳ್ಳಿ, ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತಳು.

ಒಂದು ಕೆಲಸ ಬಾಕಿಯಿತ್ತು. ಪ್ರತಿ ಬದಲಾವಣೆಯ ಜೊತೆಗೂ ಯಾಕೆ ಬದಲಿಸಿದೆ ಎಂದು ಬರೆಯಬೇಕು, ಬರೆದು ಎಂಟರ್ ಒತ್ತಿದರೆ ಬದಲಾವಣೆ ಕಚೇರಿಯ ಪ್ರೋಗ್ರಾಮಿಗೆ ಸೇರುತ್ತದೆ. ಬರೆದದ್ದು ಕಡತದಲ್ಲಿ ಉಳಿಯುತ್ತದೆ, ಆ ಪ್ರೋಗ್ರಾಮು ತೆರೆದವರಿಗೆಲ್ಲ ಕಾಣುತ್ತದೆ. ಅವನು ಆ ಜಾಗವನ್ನು ಖಾಲಿ ಬಿಟ್ಟಿದ್ದ. ನಾನು ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟು, ನೀನು ಹೇಳು, ನಾನು ಬರೆಯುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದ. ತೋರುಬೆರಳೊಂದರಲ್ಲೇ, ಒಂದೊಂದೇ ಅಕ್ಷರ ಹುಡುಕುತ್ತಾ, ನಡುವೆ ಎರಡು ಸಲ ಕಣ್ಣು ಮುಚ್ಚಿ ಸುಧಾರಿಸಿಕೊಂಡು ಬರೆದ:

"ನಿಜವೋ ಅಭ್ಯಾಸವೋ ಎಂಬುದನ್ನು ಕಡ್ಡಾಯ ಮಾಡಿದೆ. ಇಷ್ಟು ವರ್ಷ ಅದನ್ನು ಐಚ್ಛಿಕವಾಗಿ ಇಟ್ಟವನು ನಾನು. ಫೆಬ್ರವರಿ ಒಂಬತ್ತರಂದು ದಾಗ್ನಿ ಏನನ್ನೂ ಮರೆಯಲಿಲ್ಲ. ಹಾಲ್ವರ್ ಬ್ರೈವೊಲ್."

ಇನ್ನೊಮ್ಮೆ ಓದಿ, ದಾಗ್ನಿಯ ಹೆಸರಿನಲ್ಲಿ ಬಿಟ್ಟುಹೋಗಿದ್ದ ಒಂದು ಅಕ್ಷರವನ್ನು ತಿದ್ದಿ, ಎಂಟರ್ ಒತ್ತಿದ.